ಹೊಲಕ್ಕೆ ಬದಲು ಕೆಲಸ

ಗೆಳೆಯರೇ, ಇವತ್ತು ಉದ್ಯೋಗ ವಿನಿಮಯ ಕೇಂದ್ರದ ಸಾಲಿನಲ್ಲಿ ನನ್ನ ಮುಂದೆ ಯಡಿಯೂರಿನ ಹೆಂಗಸೊಬ್ಬರು ನಿಂತಿದ್ದರು.

"ವಿನಿಮಯ ಅಂದ್ರೆ ಒಂದು ಕೊಟ್ಟು ಇನ್ನೊಂದು ತಗೊಳ್ಳೋದಲ್ವಾ ಸ್ವಾಮಿ? ನಾವು ಜಯನಗರ ಬಡಾವಣೆ ಕಟ್ಟೋಕೆ ಹೊಲ ಕೊಟ್ಟಾಯ್ತು. ನೀವು ಕೆಲಸ ಕೊಡಿ," ಎಂದು ಗುಮಾಸ್ತರನ್ನು ಕೇಳಿದರು.

"ಏನು ಕೆಲಸ ಬರುತ್ತಮ್ಮ?"

"ಕಳೆ ಕೀಳ್ತೀನಿ, ರಾಗಿ ಕುಯ್ತೀನಿ."

ಗುಮಾಸ್ತರು ನಕ್ಕರು. "ಜಯನಗರದಲ್ಲಿ ರಾಗಿ ಹೊಲ ಎಲ್ಲಿದೆಯಮ್ಮ?"

"ಅದನ್ನೇ ನಾನೂ ಕೇಳ್ತಿರೋದು."

ಅವರ ಹೆಸರು ಬರೆದುಕೊಂಡು ಕಳಿಸಿದರು. ನನ್ನ ಕಥೆಯೂ ಅಷ್ಟೇ. ಹೊರಗೆ ಬಂದಾಗ, ನನ್ನ ಮನೆ ಜಯನಗರದಲ್ಲೇ ಎಂದು ತಿಳಿದು ಅವರ ಮುಖ ಅರಳಿತು.

"ಹಿತ್ತಲಲ್ಲಿ ಅವರೆ ಹಾಕಿ ಸಾರ್. ಆ ಮಣ್ಣಲ್ಲಿ ಕಾಯಿಗೆ ಸೊಗಡು ಜಾಸ್ತಿ. ಬಿಟ್ಟಾಗ ಒಂದು ಸಲ ಮೂಸಿ ನೋಡೋಕೆ ಬರ್ತೀನಿ."

ಹೂಂ ಅಂದೆ. ಹಿತ್ತಲಿಗೆ ಮೊನ್ನೆಯಷ್ಟೇ ಸಿಮೆಂಟು ಹಾಕಿಸಿದ್ದೇವೆ.