ಕೊಳಗ ನಮ್ಮದು, ಅಕ್ಕಿ ಅವರದು

ಬೆಳಗಿನ ಚಹಾ ಕುಡಿಯುತ್ತ ಪೇಪರಿನ ಜಿಲ್ಲಾ ಪುಟ ತಿರುವಿದೆ. ಅಲ್ಲೊಂದು ಫೋಟೋದಲ್ಲಿ ನಮ್ಮಜ್ಜಿಯ ಹಿತ್ತಾಳೆ ಕೊಳಗ ಕಣ್ಣಿಗೆ ಬಿತ್ತು. ಅಂಥ ಕೊಳಗ ಊರ ತುಂಬ ಇರುತ್ತವೆ, ಇದು ನಿಮ್ಮಜ್ಜಿಯದೇ ಎಂದು ಹೇಗೆ ಗೊತ್ತಾಯಿತು ಎಂದು ನೀವು ಕೇಳಬಹುದು. ಪಕ್ಕದಲ್ಲಿ ನನ್ನ ಚಿಕ್ಕಮ್ಮನ ಮಗಳು ಶೈಲಾ ರೇಷ್ಮೆ ಸೀರೆ ಉಟ್ಟು ನಿಂತಿದ್ದಳು. ದಾವಣಗೆರೆಯಲ್ಲಿ ಹೊಸದಾಗಿ ತೆರೆದ ವಸ್ತುಸಂಗ್ರಹಾಲಯಕ್ಕೆ ಅವಳು ಅದನ್ನು ಕೊಟ್ಟಿದ್ದಳಂತೆ. ಕಾರ್ಖಾನೆ ಬಾಗಿಲು ಹಾಕಿದ ದಿನಗಳಲ್ಲಿ ಹರಿಹರದ ಕಾರ್ಮಿಕರಿಗೆಲ್ಲ ಒಬ್ಬಳೇ ಅನ್ನವಿಟ್ಟ ಮಹಾತಾಯಿ ನೀಲಮ್ಮ, ಆಕೆಯ ಮೊಮ್ಮಗಳು ಶೈಲಾ ಎಂದು ಬರೆದಿತ್ತು. ಮೊಮ್ಮಗಳು! ಆಕೆಗೆ ಇನ್ನೊಬ್ಬಳು ಇರಲೇ ಇಲ್ಲವೇನೋ ಎಂಬಂತೆ.

ಚಹಾ ಆರಿಹೋಯಿತು. ಹೊಟ್ಟೆಯೊಳಗೆ ಏನೋ ಉರಿಯತೊಡಗಿತು. ಅಸಿಡಿಟಿ ಎಂದು ಮಾತ್ರೆಯನ್ನೂ ನುಂಗಿದೆ. ಅದು ಮಾತ್ರೆಗೆ ಹೋಗುವ ಉರಿಯಲ್ಲ.

ಅಜ್ಜಿಯ ಜೊತೆ ಬೆಳೆದವಳು ನಾನು. ಅಮ್ಮನ ಆರೋಗ್ಯ ಸರಿಯಿಲ್ಲದ್ದರಿಂದ ನನ್ನ ಶಾಲೆಯ ವರ್ಷಗಳೆಲ್ಲ ಹರಿಹರದಲ್ಲೇ, ಅಜ್ಜಿಯ ಖಾನಾವಳಿಯ ಹೊಗೆಯಲ್ಲೇ ಕಳೆದವು. ಶೈಲಾ ಬರುತ್ತಿದ್ದುದು ರಜೆಗೆ ಮಾತ್ರ. ಬಂದರೂ ಸಾರು ಖಾರ ಎಂದು ಮೂಗೆಳೆದು, ಮೊಸರನ್ನ ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ಅಜ್ಜಿ ತೀರಿಕೊಂಡ ಮೇಲೆ ಮನೆ ಖಾಲಿ ಮಾಡುವಾಗ, ಇಷ್ಟು ಭಾರದ್ದನ್ನು ಬೆಳಗುವವರು ಯಾರು ಎಂದು ಆ ಕೊಳಗ ಬೇಡವೆಂದವಳು ನಾನೇ. ಶೈಲಾ ಅದನ್ನು ಆಟೋದಲ್ಲಿ ಹೇರಿಕೊಂಡು ಹೋದಾಗ ಒಳಗೊಳಗೇ ನಕ್ಕಿದ್ದೆ ಕೂಡ. ನಾನು ಹಗುರವಾದದ್ದೇ ಸಾಕೆಂದು ಬರೀ ನೆನಪುಗಳನ್ನು ತಂದುಕೊಂಡೆ. ನೆನಪುಗಳ ಫೋಟೋ ಪೇಪರಿನಲ್ಲಿ ಬರುವುದಿಲ್ಲ ಎಂಬುದು ಆಗ ಹೊಳೆಯಲಿಲ್ಲ.

ಆ ದಿನವೇ ಪತ್ರಿಕೆಯ ಕಚೇರಿಗೆ ಹೋದೆ. ವರದಿ ಬರೆದ ಹುಡುಗಿ ಮರ್ಯಾದೆಯಿಂದ ಕೂರಿಸಿ, ನೀರು ಕೊಟ್ಟು, ನಾನು ಹೇಳಿದ್ದನ್ನೆಲ್ಲ ಕೇಳಿದಳು. ಕೊನೆಗೆ, "ನಿಮ್ಮ ಹತ್ರ ಅಜ್ಜಿದು ಏನಾದ್ರೂ ಸಾಮಾನು ಐತೇನ್ರಿ ಮೇಡಂ? ಹಳೇ ಫೋಟೋ ಆದ್ರೂ ನಡೀತೈತಿ," ಎಂದಳು. ಒಂದೂ ಇರಲಿಲ್ಲ. ಹಾಗಾದರೆ ಹೊಸ ಸುದ್ದಿ ಮಾಡುವುದು ಕಷ್ಟ ಎಂದು ಬೇಸರದಿಂದಲೇ ಹೇಳಿದಳು. ಅವಳದೇನೂ ತಪ್ಪಿರಲಿಲ್ಲ.

ಸಿಟ್ಟು ತಣಿಯದೆ ಮರುದಿನ ವಸ್ತುಸಂಗ್ರಹಾಲಯಕ್ಕೆ ಹೋದೆ. ಕೊಳಗಕ್ಕೆ ಗಾಜಿನ ಪೆಟ್ಟಿಗೆ, ಮೇಲೊಂದು ದೀಪ, ಒಳಗೆ ಪೇಪರಿನಲ್ಲಿದ್ದ ಮಾತುಗಳದೇ ಒಂದು ಬರಹ. ಅಜ್ಜಿಯ ಕಾಲದಲ್ಲಿ ಅದರ ತಳ ಎಂದೂ ಅಷ್ಟು ಫಳಫಳ ಹೊಳೆದದ್ದಿಲ್ಲ. ಅದರ ಮುಂದೆ ನನಗಿಂತ ಹಿರಿಯ ಹೆಂಗಸೊಬ್ಬಳು ಪೇಪರಿನ ಆ ಪುಟವನ್ನು ಮಡಚಿ ಕೈಯಲ್ಲಿ ಹಿಡಿದು ನಿಂತಿದ್ದಳು. ತಿರುಗಿ ನೋಡಿದಾಗ ಗುರುತು ಸಿಕ್ಕಿತು. ಮಂಜಕ್ಕ. ಹರಿಹರದಲ್ಲಿ ನಮ್ಮ ಎದುರಿಗೇ ಖಾನಾವಳಿ ಇಟ್ಟಿದ್ದ ದೇವೀರಮ್ಮನ ಮಗಳು.

ಅಜ್ಜಿಗೂ ದೇವೀರಮ್ಮನಿಗೂ ಮಾತಿರಲಿಲ್ಲ. ಎದುರು ಬಾಗಿಲಲ್ಲಿ ಚಪ್ಪಲಿಗಳು ಹೆಚ್ಚು ಕಂಡ ದಿನ ಅಜ್ಜಿಯ ಮುಖ ಕೆಡುತ್ತಿತ್ತು. ನಮ್ಮ ಬಾಗಿಲಲ್ಲಿ ಹೆಚ್ಚಾದರೆ ದೇವೀರಮ್ಮ ಬೀದಿಗೆ ಕೇಳಿಸುವಂತೆ ಪಾತ್ರೆ ಕುಕ್ಕುತ್ತಿದ್ದಳು. ಹೊಟ್ಟೆಕಿಚ್ಚು ನನಗೆ ಎಲ್ಲಿಂದ ಬಂತೆಂದು ಹುಡುಕಲು ಬಹಳ ದೂರ ಹೋಗಬೇಕಿಲ್ಲ.

ಮಂಜಕ್ಕ ನನ್ನ ಕೈ ಹಿಡಿದುಕೊಂಡಳು. "ನಮ್ಮವ್ವನ ಹೆಸರು ಎಲ್ಲಾದ್ರೂ ಐತೇನೋ ಅಂತ ಬಸ್ ಹತ್ತಿ ಬಂದೆ. ಎಲ್ಲೂ ಇಲ್ಲ. ನೀ ಅಲ್ಲೇ ಇದ್ದೆಲ್ಲ, ನೀನೇ ಹೇಳು, ಅಕ್ಕಿ ಯಾರದು?"

ಅಕ್ಕಿ ಯಾರದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಕಾರ್ಖಾನೆ ಮುಚ್ಚಿ ವಾರಗಳಾದ ಮೇಲೆ ನಮ್ಮ ಅಕ್ಕಿಯ ಡಬ್ಬಿ ಬರಿದಾಗಿ ಅಜ್ಜಿ ಒಲೆ ಹೊತ್ತಿಸದೆ ಕೂತಿದ್ದಳು. ಕೆಲಸಗಾರರು ಬಂದು, ಬಾಗಿಲಲ್ಲಿ ನಿಂತು, ಏನೂ ಕೇಳದೆ ಹೋಗುತ್ತಿದ್ದರು. ಆಗ ಹಿತ್ತಲ ಬಾಗಿಲಿಗೆ ದೇವೀರಮ್ಮ ಬಂದಳು. ಹದಡಿಯಲ್ಲಿದ್ದ ಅವಳ ಅಣ್ಣ ಗಾಡಿಯಲ್ಲಿ ಅಕ್ಕಿಯ ಚೀಲಗಳನ್ನು ಕಳಿಸಿದ್ದ. ಅಷ್ಟು ಅನ್ನ ಬೇಯುವ ಪಾತ್ರೆ ಅವಳಲ್ಲಿ ಇರಲಿಲ್ಲ. ನಮ್ಮ ಕೊಳಗ ಅವಳ ಒಲೆ ಏರಿತು. ಕಾರ್ಖಾನೆಯ ಬಾಗಿಲು ತೆರೆಯುವ ತನಕ ಇಬ್ಬರೂ ಒಂದೇ ಒಲೆಯ ಮುಂದೆ ಕೂತರು. ಆದರೂ ಮಾತಾಡಲಿಲ್ಲ. ಉಪ್ಪು ಸಾಲದೆಂದು ಅವಳಿಗೆ ಹೇಳು ಎಂದು ಅಜ್ಜಿ ನನಗೆ ಹೇಳುವಳು, ಉಪ್ಪು ಹಾಕುವುದು ನನಗೆ ಗೊತ್ತು ಎಂದು ಹೇಳು ಎಂದು ದೇವೀರಮ್ಮ ನನಗೇ ಹೇಳುವಳು. ಇಬ್ಬರ ನಡುವಿನ ಅಂತರ ಒಂದು ಮೊಳವೂ ಇರಲಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಮಂಜಕ್ಕನಿಗೆ ಉತ್ತರ ಕೊಡಲು ತಡವರಿಸಿದೆ. ನೆನಪಿಲ್ಲ ಎಂದುಬಿಡೋಣವೇ ಅನಿಸಿತು. ಶೈಲಾಳಿಂದ ಅಜ್ಜಿಯನ್ನು ಕಿತ್ತುಕೊಳ್ಳಲೆಂದು ಬಂದವಳು ನಾನು, ಇಲ್ಲಿ ನೋಡಿದರೆ ಅರ್ಧ ಅಜ್ಜಿಯನ್ನು ಇನ್ನೊಬ್ಬರಿಗೆ ಕೊಡಬೇಕಾಗಿ ಬಂದಿತ್ತು. ಗಾಜಿನೊಳಗೆ ಇರುವವರ ಕಡೆಯವಳಾಗಿ ನಿಲ್ಲುವುದರಲ್ಲಿ ಎಂಥ ಸುಖವಿದೆ ಎಂಬುದು ಆಗ ತಿಳಿಯಿತು. ಮಂಜಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳ ಅವ್ವನ ಹೆಸರು ಆ ಹೊತ್ತಿಗೆ ನನ್ನೊಬ್ಬಳ ನಾಲಿಗೆಯ ಮೇಲಿತ್ತು.

"ಅಕ್ಕಿ ನಿಮ್ಮವ್ವಂದು," ಎಂದೆ. "ಒಲೀನೂ ನಿಮ್ದೇ."

ಇಬ್ಬರೂ ಹೋಗಿ ಉಸ್ತುವಾರಿಯವರನ್ನು ಕಂಡೆವು. ಬರಹ ತಿದ್ದಲು ಅವರ ಅಡ್ಡಿಯಿರಲಿಲ್ಲ, ಆದರೆ ವಸ್ತು ಕೊಟ್ಟವರು ಒಪ್ಪಬೇಕಂತೆ. ಅಂದರೆ ಶೈಲಾ. ನಮ್ಮಜ್ಜಿ ಯಾರಾಗಿದ್ದಳು ಎಂದು ಹೇಳಲು ನಾನು ಶೈಲಾಳ ಅಪ್ಪಣೆ ಕೇಳಬೇಕು! ಅಲ್ಲಿಂದಲೇ ಫೋನ್ ಮಾಡಿದೆ. ಎಲ್ಲವನ್ನೂ ಕೇಳಿಸಿಕೊಂಡು ಅವಳು, "ಅಕ್ಕ, ನಿಂಗೆ ಹೊಟ್ಟೆಕಿಚ್ಚು," ಎಂದಳು.

"ಹೌದು, ಐತೆ," ಎಂದೆ. "ಆದ್ರೂ ಅಕ್ಕಿ ದೇವೀರಮ್ಮಂದೇ."

ಫೋನ್ ಇಟ್ಟಳು. ಎಷ್ಟೋ ದಿನ ಸುದ್ದಿಯಿಲ್ಲ. ಆಮೇಲೆ ಒಂದು ಸಂಜೆ ವಿದ್ಯಾನಗರದ ನಮ್ಮ ಮನೆ ಮುಂದೆ ಸ್ಕೂಟರ್ ನಿಲ್ಲಿಸಿ ಒಳಬಂದಳು. ಜಗಳಕ್ಕೆ ಬಂದಿದ್ದಾಳೆಂದು ನಾನು ಸೆರಗು ಬಿಗಿದುಕೊಂಡೆ. ಅವಳು ಕೂತು, ಆ ದಿನಗಳಲ್ಲಿ ಏನೇನಾಯಿತು ಪೂರ್ತಿ ಹೇಳು ಎಂದಳು. ಹೇಳಿದೆ. ಉಪ್ಪಿನ ಜಗಳ ಬಂದಾಗ ನಕ್ಕಳು, ನಗುತ್ತ ನಗುತ್ತಲೇ ಕಣ್ಣೊರೆಸಿಕೊಂಡಳು.

"ನಂಗಿದ್ಯಾವ್ದೂ ಗೊತ್ತಿಲ್ಲಕ್ಕ. ರಜೆಗೆ ಬಂದಾಗೆಲ್ಲ ಅಜ್ಜಿ ಬಾಯಲ್ಲಿ ಮೊದ್ಲು ನಿನ್ ಹೆಸರೇ ಬರ್ತಿತ್ತು. ನನ್ನ ಕರಿಯೋವಾಗ್ಲೂ ನಿನ್ ಹೆಸರೇ. ಆ ಕೊಳಗ ಒಂದಾದ್ರೂ ನಂದಾಗ್ಲಿ ಅನ್ನಿಸ್ತು."

ಅವಳ ಮೊಸರನ್ನದ ತಟ್ಟೆ, ಮೂಗೆಳೆಯುವಿಕೆ, ಅಡುಗೆಮನೆಯ ಹೊಸ್ತಿಲ ಆಚೆಯೇ ನಿಂತಿರುತ್ತಿದ್ದುದು, ಎಲ್ಲ ಇನ್ನೊಂದು ಮಗ್ಗುಲಿನಿಂದ ಕಾಣತೊಡಗಿತು. ಆ ರಾತ್ರಿ ಊಟಕ್ಕೆ ಉಳಿಸಿಕೊಂಡೆ. ಸಾರು ಖಾರವೆಂದಳು, ಎರಡನೇ ಸಲವೂ ಹಾಕಿಸಿಕೊಂಡಳು.

ಅವಳೇ ಹೋಗಿ ಬರಹ ಬದಲಿಸಿದಳು. ಪತ್ರಿಕೆಯಲ್ಲಿ ಮಾತ್ರ ಮತ್ತೆ ಏನೂ ಬರಲಿಲ್ಲ. ಊರಿನ ಬಹಳ ಜನರ ಪಾಲಿಗೆ ನಮ್ಮಜ್ಜಿ ಈಗಲೂ ಒಬ್ಬಳೇ ಅನ್ನವಿಟ್ಟ ಮಹಾತಾಯಿ.

ಕಳೆದ ವಾರ ಮಂಜಕ್ಕನನ್ನು ಕರೆದುಕೊಂಡು ಹೋಗಿ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು, ಗಾಜಿನ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರ ಓದಿದಳು. ಅವ್ವನ ಹೆಸರಿನ ಹತ್ತಿರ ಬೆರಳು ನಿಂತಿತು. ಅಳುತ್ತಾಳೇನೋ ಎಂದು ಕರ್ಚೀಫು ಹುಡುಕಿದೆ.

"ನಿಮ್ಮಜ್ಜಿ ಹೆಸರು ಮೊದ್ಲು ಯಾಕ ಹಾಕ್ಯಾರ?" ಎಂದಳು.

ಕೊಳಗ ನಮ್ಮದಲ್ಲವೇ ಎಂದೆ. ಅಕ್ಕಿ ಇಲ್ಲದೆ ಬರೀ ಕೊಳಗ ಇಟ್ಟುಕೊಂಡು ಏನು ಮಾಡುತ್ತಿದ್ದಿರಿ ಎಂದಳು. ಕೊಳಗ ಇಲ್ಲದೆ ಅಕ್ಕಿಯನ್ನು ಮಡಿಲಲ್ಲಿ ಬೇಯಿಸುತ್ತಿದ್ದಿರಾ ಎಂದೆ. ಕಾವಲಿನವನು ಬಂದು, ಸ್ವಲ್ಪ ಮೆಲ್ಲಗೆ ಮಾತಾಡ್ರಮ್ಮ ಎಂದ. ಇಬ್ಬರೂ ಕೂಡಿ ಅವನ ಮೇಲೆ ಹರಿಹಾಯ್ದೆವು.