ನಾಯಿ ಕೂತ ಚಂದ್ರನಿಗೆ ಅರ್ಘ್ಯ

ಸಂಕಷ್ಟಿಯ ಸಂಜೆ ಪಕ್ಕದ ಮನೆಯಲ್ಲಿ ಕರಿಯುವ ಹಲಸಿನ ಹಪ್ಪಳದ ವಾಸನೆಗಿರುವ ಬಲ, ಓದುಗ ಮಿತ್ರರೇ, ಯಾವ ರಾಕೆಟ್ಟಿಗೂ ಇರಲಾರದು. ರಾಕೆಟ್ಟು ಭೂಮಿಯ ಸೆಳೆತವನ್ನಷ್ಟೇ ಬಿಡಿಸುತ್ತದಂತೆ, ಹಪ್ಪಳವೋ ಬೆಳಗಿನಿಂದ ಉಪವಾಸವಿದ್ದ ನಡುವಯಸ್ಸಿನ ಗೃಹಸ್ಥನನ್ನು ಅವನ ಸಂಕಲ್ಪದಿಂದಲೇ ಬಿಡಿಸಿಬಿಡುತ್ತದೆ.

ನಾನು ದೈವಭಕ್ತನೆನ್ನುವುದಕ್ಕಿಂತ ಹೆದರುಪುಕ್ಕಲನೆನ್ನುವುದು ಸರಿ. ಶಿರಸಿಯ ಬಸ್ಸು ತಡವಾದರೆ ಉರುಳಿತೆಂದೂ, ಬೇಗ ಬಂದರೆ ಬ್ರೇಕು ಹೋಯಿತೆಂದೂ ನಂಬುವ ಸಿದ್ದಾಪುರದ ಗುಮಾಸ್ತ. ಐವತ್ತೇಳನೆಯ ಇಸವಿಯಲ್ಲಿ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಾಗ, ಅವಳು ಸುಖವಾಗಿ ಹಡೆಯುವವರೆಗೂ ಸಂಕಷ್ಟಿಯ ದಿನ ಚಂದ್ರನನ್ನು ಕಂಡು ಅರ್ಘ್ಯ ಬಿಟ್ಟೇ ಉಣ್ಣುವೆನೆಂದು ಹರಕೆ ಹೊತ್ತೆ. ಅವಳು ಮೂರು ಹೊತ್ತೂ ಉಂಡು ತೇಗುತ್ತಿದ್ದಳು, ಬಯಕೆಗಳೆಲ್ಲ ನನಗೆ.

ದೀಪಾವಳಿ ಕಳೆದ ಮೇಲಿನ ಆ ಸಂಕಷ್ಟಿಯ ವೇಳೆಗೆ ರಷ್ಯದವರು ತಮ್ಮ ಎರಡನೆಯ ಕೃತಕ ಚಂದ್ರನನ್ನು, ಒಳಗೊಂದು ಹೆಣ್ಣು ನಾಯಿಯನ್ನು ಕೂರಿಸಿ, ಹಾರಿಸಿದ್ದರು. ಅದು ನಮ್ಮ ಹೆಂಚಿನ ಮೇಲೇ ಬಿದ್ದೀತೆಂದು ನಾನು ನಾಲ್ಕು ದಿನದಿಂದ ಜಗಲಿಯ ಮೂಲೆ ಬಿಟ್ಟು ಕದಲಿರಲಿಲ್ಲ. ಮುಸ್ಸಂಜೆಗೆ ಪಕ್ಕದ ಮನೆಯ ವಿಜ್ಞಾನದ ಮಾಸ್ತರರು, ಹಾವೇರಿ ಕಡೆಯವರು, ಅಂಗಳದಿಂದ ಕೂಗಿದರು.

"ಲಗೂನ ಬರ್ರಿ ರಾಯರ! ಹೊಸಾ ಚಂದ್ರ ಹೊಂಟಾನ!"

ಕಿಡಿಯಂಥ ಬೆಳಕೊಂದು ಅವಸರದಲ್ಲಿ ಆಕಾಶ ದಾಟುತ್ತಿತ್ತು.

"ಮುಂದ ಮಳಿ ಬರೂದನ್ನೂ ಇವನ ಹೇಳತಾನ, ಕಡಲಾಚೆ ಮಾತೂ ತರತಾನ. ಭೂಮೀನ ಸುತ್ತತಾನಂದ್ರ ಚಂದ್ರನ ಅಲ್ಲೇನ್ರಿ? ಕೈ ಮುಗದು ಉಂಡುಬಿಡ್ರಿ!"

ವಿಜ್ಞಾನದ ಪ್ರಯೋಜನ ನನಗೆ ಅಷ್ಟು ಚೆನ್ನಾಗಿ ಎಂದೂ ಮನದಟ್ಟಾಗಿರಲಿಲ್ಲ. ಒಳಗೋಡಿ, ಹೊಸ ಚಂದ್ರನನ್ನು ಕಂಡಾಯಿತೆಂದು ಹೆಂಡತಿಗೆ ಊಟಕ್ಕೆ ಬಾಳೆಯೆಲೆ ಹಾಕಲು ಹೇಳಿದೆ.

"ಅದು ಎಷ್ಟು ಹೊತ್ತಿಗೊಂದು ಸುತ್ತು ಬತ್ತು?" ಎಂದಳು.

"ಒಂದೂಮುಕ್ಕಾಲು ತಾಸು."

"ಹಂಗಾರೆ ಅದ್ಕೆ ಒಂದೂಮುಕ್ಕಾಲು ತಾಸಿಗೊಂದು ಚೌತಿ. ದಿನಕ್ಕೆ ಹದಿಮೂರು ಸಂಕಷ್ಟಿ. ಅಷ್ಟೂ ಉಪವಾಸ ಮಾಡ್ತ್ರಾ?"

"ಅಪ್ಪಯ್ಯಂಗೆ ಹಿಡದ್ದು ವಿಜ್ಞಾನ ಅಲ್ಲ ಆಯಿ, ಹಸಿವು!" ಎಂದು ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಹೊಟ್ಟೆಯನ್ನು ಕಂಡು ನನಗೆ ನಾಚಿಕೆಯಾಯಿತು. ಅವಳ ಜೀವಕ್ಕೆ ಹೊತ್ತ ಹರಕೆಯನ್ನು ಹಪ್ಪಳಕ್ಕೆ ಮಾರಲು ಹೊರಟಿದ್ದೆನಲ್ಲ!

ಜಗಲಿಗೆ ಬಂದು ಕೂತೆ. ಹಸಿದವನಿಗೆ ಹಸಿದವರದೇ ಯೋಚನೆ: ಆ ನಾಯಿಗೆ ಬಡಿಸುವವರಾರು? ಅದನ್ನು ಇಳಿಸುವ ಉಪಾಯ ಇನ್ನೂ ಇಲ್ಲವೆಂದು ಪತ್ರಿಕೆಯಲ್ಲಿತ್ತು. ಮನುಷ್ಯನ ಚರಿತ್ರೆಯೇ ಹೀಗೆ. ಮರ ಹತ್ತುವ ವಿದ್ಯೆ ಮೊದಲು, "ಇಳಿಸ್ರೋ" ಎಂದು ಅಳುವುದು ಆಮೇಲೆ. ಆದರೆ ಈ ನಾಯಿ ತಾನಾಗಿ ಹತ್ತಿದ್ದಲ್ಲ.

ಎಂಟೂವರೆಯ ಸುಮಾರಿಗೆ ಹಳೆಯ ಚಂದ್ರ, ನಮ್ಮ ಕಚೇರಿಯವನೇ ಎಂಬಂತೆ, ಸಾವಕಾಶವಾಗಿ ಬಂದ. ಮಗಳ ಹೆಸರು, ಗೋತ್ರ ಹೇಳಿ ಅರ್ಘ್ಯ ಬಿಟ್ಟೆ. ಆಮೇಲೆ, ಯಾರಿಗೂ ಕೇಳಿಸದೆಂದುಕೊಂಡು, ನಾಯಿಯನ್ನೂ ಸೇರಿಸಿದೆ.

"ಅದ್ಕೆ ಯಾವ ಗೋತ್ರ ಹೇಳಿದ್ರಿ?" ಹೆಂಡತಿ ಹಿಂದೆಯೇ ನಿಂತಿದ್ದಳು.

"ಕಾಶ್ಯಪ. ಗೋತ್ರ ಗೊತ್ತಿಲ್ಲದವರಿಗೆಲ್ಲ ಅದೇ ಅಲ್ದಾ?"

ನಗುತ್ತಾಳೆಂದುಕೊಂಡೆ. ಅವಳು ಆಕಾಶ ನೋಡಿದಳು, ಒಳಗಿದ್ದ ಮಗಳನ್ನು ನೋಡಿದಳು.

"ಅದೂ ಹೆಣ್ಣು ಜೀವ. ಸುಖವಾಗಿ ಇಳೀಲಿ. ಇನ್ನೊಂದು ಉದ್ಧರಣೆ ನೀರು ಬಿಡಿ."

ಬಿಟ್ಟೆ. ಮಗಳು ಉಣ್ಣಲು ಕರೆದರೂ, ಆ ಕಿಡಿ ಇನ್ನೊಮ್ಮೆ ದಾಟೀತೇನೋ ಎಂದು ಆಕಾಶ ನೋಡುತ್ತ ನಿಂತೆ.