ಮಣ್ಣಿಗೆ ಹೋಗದ ಗೆಜ್ಜೆ

ಮ್ಯೂಸಿಯಂಗೆ ಹೋಗೋಣ ಎಂದದ್ದು ನನ್ನ ಗಂಡ. ತೊಂಬತ್ತರ ದಶಕದ ಕೊನೆಯ ಮಾತು. ಮಗಳು ತೀರಿಕೊಂಡು ಕೆಲವು ತಿಂಗಳಾಗಿತ್ತು, ನಾನು ಮನೆ ಬಿಟ್ಟು ಹೊರಗೆ ಬಂದಿರಲಿಲ್ಲ. ನನಗೆ ಬದಲಾವಣೆ ಬೇಕಂತೆ. ಮೆಟ್ರೊ ಹತ್ತಿಸಿ ನನ್ನನ್ನೂ ಅತ್ತೆಯನ್ನೂ ವಾಷಿಂಗ್ಟನ್ನಿಗೆ ಕರೆತಂದು, ಪಾಪ, ಸೀದಾ ಒಂದು ಗೋರಿಯ ಮುಂದೆ ನಿಲ್ಲಿಸಿದರು.

ಇಂಗ್ಲೆಂಡಿನಿಂದ ಬಂದ ಪ್ರದರ್ಶನ. ಆಂಗ್ಲೋ-ಸ್ಯಾಕ್ಸನ್ ಕಾಲದ, ಸಾವಿರ ವರ್ಷಕ್ಕೂ ಹಳೆಯ ಗೋರಿಯೊಂದರಲ್ಲಿ ಮಗುವಿನ ಜೊತೆ ಸಿಕ್ಕಿದ್ದನ್ನೆಲ್ಲ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಬಣ್ಣದ ಮಣಿಗಳು, ಅಂಗೈಯಗಲದ ಮಡಕೆ, ಒಂದು ಕವಡೆ. ಕವಡೆ ಎಲ್ಲಿಂದಲೋ ಸಮುದ್ರ ದಾಟಿ ಬಂದದ್ದಂತೆ. ಯಾರೋ ತಾಯಿ ಅದನ್ನು ಮಗುವಿಗೇ ಬಿಟ್ಟಿದ್ದಳು. ನನಗೆ ಹೊಟ್ಟೆಕಿಚ್ಚಾಯಿತು.

ನನ್ನ ಮಗಳಿಗೆ ಇನ್ನೂ ವರ್ಷ ತುಂಬಿರಲಿಲ್ಲ. ನಮ್ಮಲ್ಲಿ ಅಷ್ಟು ಚಿಕ್ಕ ಮಕ್ಕಳನ್ನು ಸುಡುವುದಿಲ್ಲ, ಹೂಳುತ್ತಾರೆ. ಮೇರಿಲ್ಯಾಂಡಿನ ಸ್ಮಶಾನದಲ್ಲಿ ಪೆಟ್ಟಿಗೆ ಮುಚ್ಚುವ ಮುಂಚೆ ಅತ್ತೆ ಬಗ್ಗಿ ಅವಳ ಬೆಳ್ಳಿ ಗೆಜ್ಜೆ ಬಿಚ್ಚತೊಡಗಿದರು. ಆ ಸದ್ದಿಗೋಸ್ಕರವೇ ಕಾಲು ಬಡಿಯುತ್ತಿದ್ದ ಮಗು ಅದು. ನಾನು ಅವರ ಕೈ ಹಿಡಿದುಕೊಂಡೆ. “ಬೆಳ್ಳಿ ಮಣ್ಣಿಗೆ ಹಾಕ್ಬಾರ್ದು” ಎಂದು ನನ್ನ ಬೆರಳುಗಳನ್ನು ಬಿಡಿಸಿದರು. ಗಂಡ ಆಕಾಶ ನೋಡುತ್ತಿದ್ದರು.

ಈಗ ಅತ್ತೆ ಗಾಜಿನ ಹತ್ತಿರ ಬಗ್ಗಿ, “ಏನಂತ ಬರ್ದಿದೆ?” ಎಂದರು.

“ತಾಯಿ ಹಾಕಿದ್ದನ್ನ ಯಾರೂ ಕಿತ್ಕೊಳ್ಲಿಲ್ಲ ಅಂತ ಬರ್ದಿದೆ ಅತ್ತೆ.”

ಹಾಗೇನೂ ಬರೆದಿರಲಿಲ್ಲ. ಚುಚ್ಚಬೇಕಿತ್ತು, ಚುಚ್ಚಿದೆ.

ಅತ್ತೆ ಜಗ್ಗಲಿಲ್ಲ. “ಕಿತ್ಕೊಳ್ದೆ ಇದ್ರೆ ಇಲ್ಲಿಗೆ ಹೇಗ್ ಬಂತು? ಅಗೆದು ತೆಗ್ದಿದಾರೆ. ನಾನಾದ್ರೂ ಮುಚ್ಚೋಕ್ ಮುಂಚೆ ತೆಗ್ದೆ.”

“ಹಾಗಾದ್ರೆ ಆ ಗೆಜ್ಜೆ ನಂಗೆ ಕೊಟ್ಬಿಡಿ. ನಾನೇ ಇಟ್ಕೋತೀನಿ” ಎಂದೆ. ಅವಳದೆಂದು ಮನೆಯಲ್ಲಿ ಬೇರೇನೂ ಉಳಿದಿರಲಿಲ್ಲ. ಕಣ್ಣಿಗೆ ಬಿದ್ದರೆ ನಾನು ಅಳುತ್ತೇನೆಂದು ಬಟ್ಟೆ, ತೊಟ್ಟಿಲು, ಎಲ್ಲವನ್ನೂ ಅತ್ತೆ ಯಾರ್ಯಾರಿಗೋ ಕೊಡಿಸಿದ್ದರು.

“ಎಲ್ಲಿಂದ ಕೊಡ್ಲಿ ಕಣಮ್ಮ? ಮೈಸೂರಿಗೆ ಹೋಗೋರ ಕೈಲಿ ನನ್ ಮಗಳ ಮಗೂಗೆ ಕಳಿಸ್ದೆ. ಸುಮ್ನೆ ಡಬ್ಬಿಲಿ ಕಪ್ಪಾಗ್ತಿತ್ತು.”

ಗಂಡ ಮುಂದಿನ ಪೆಟ್ಟಿಗೆಯ ಕಡೆ ಸರಿದರು. ಅವರಿಗೆ ಮೊದಲೇ ಗೊತ್ತಿತ್ತು.

“ಆ ಮಗೂಗೆ ಸರಿಹೋಯ್ತಂತಾ?” ಎಂದು ಕೇಳಿದೆ. ಯಾಕೆ ಕೇಳಿದೆನೋ.

“ಸ್ವಲ್ಪ ಬಿಗಿಯಂತೆ. ಅದು ಮೈಕೈ ತುಂಬ್ಕೊಂಡಿರೋ ಮಗು, ನಿನ್ ಮಗಳ ಥರ ಅಲ್ಲ.”

ಆ ಮಗುವನ್ನು ನಾನಿನ್ನೂ ಕಂಡಿರಲಿಲ್ಲ. ಅದರ ಕಾಲು ಊದಿಕೊಳ್ಳಲಿ ಎಂದು ಅಲ್ಲೇ ನಿಂತು ಮನಸಾರೆ ಶಪಿಸಿದೆ.